ಮುಚ್ಚಳದ ಗುರಾಣಿ, ನಾಲ್ಕು ಬೋಲ್ಟು

ಅಕ್ಕ ಫೋನ್ ಮಾಡಿದಾಗ ನಾನು ಆಫೀಸ್ ಮೀಟಿಂಗಲ್ಲಿದ್ದೆ. ಮ್ಯೂಟ್ ಮಾಡಿ ಎತ್ತಿದೆ.

"ನಿನ್ನ ಅಳಿಯ ಸ್ಕೂಲ್ ಡೇಗೆ ಕ್ಯಾಪ್ಟನ್ ಅಮೆರಿಕ ಆಗ್ತಾನಂತೆ. ಗುರಾಣಿ ಬೇಕಂತೆ. ರಟ್ಟಿಂದು ಬೇಡ್ವಂತೆ, ಹೊಡೆದ್ರೆ ಟಣ್ ಅನ್ಬೇಕಂತೆ. ನೀನೇ ಏನಾದ್ರೂ ಮಾಡಪ್ಪ, ಇಂಜಿನಿಯರ್ರು."

ಇಂಜಿನಿಯರ್ ಅಂದ್ರೆ ಎಲ್ಲಾ ಮಾಡ್ತಾನೆ ಅನ್ನೋ ನಂಬಿಕೆ ನಮ್ಮ ಮನೇಲಿ ಇನ್ನೂ ಜೀವಂತವಾಗಿದೆ. ನಾನು ಬರೆಯೋದು ಕೋಡ್. ಸುತ್ತಿಗೆ ಹಿಡಿದಿದ್ದು ಕಾಲೇಜಿನ ಮೊದಲ ವರ್ಷದ ವರ್ಕ್‌ಶಾಪಲ್ಲಿ, ಅದೂ ಮಾರ್ಕ್ಸಿಗೆ. ಆನ್‌ಲೈನಲ್ಲಿ ಹುಡುಕಿದೆ. ಲೋಹದ್ದು ಐದಾರು ಸಾವಿರ, ಅದೂ ದೊಡ್ಡವರ ಅಳತೆಯದು. ಒಂದು ದಿನದ ವೇಷಕ್ಕೆ ಅಷ್ಟು ದುಡ್ಡು ಸುರಿಯೋಕೆ ಮನಸ್ಸಾಗಲಿಲ್ಲ. ಬಜೆಟ್ 1,500 ರೂಪಾಯಿ ಅಂತ ನಾನೇ ಗೆರೆ ಎಳೆದುಕೊಂಡೆ.

ಮೊದಲು ಸ್ವಲ್ಪ ಓದಿದೆ. ಕ್ಯಾಪ್ಟನ್ ಅಮೆರಿಕ ಮೊದಲ ಸಲ ಬಂದಿದ್ದು 1941ರಲ್ಲಿ, ಜೋ ಸೈಮನ್ ಮತ್ತು ಜಾಕ್ ಕರ್ಬಿ ಅವರ ಕಾಮಿಕ್ಸ್‌ನಲ್ಲಿ. ಆ ಮೊದಲ ಸಂಚಿಕೆಯಲ್ಲಿ ಗುರಾಣಿ ದುಂಡಗಿರಲಿಲ್ಲ, ಕೆಳಗೆ ಚೂಪಾದ ತ್ರಿಕೋನದಂತಿತ್ತು. ಇನ್ನೊಂದು ಕಂಪನಿಯ ಹೀರೊನ ಎದೆ ಮೇಲೂ ಅಂಥದೇ ಆಕಾರ ಇದ್ದು ತಕರಾರಾಯಿತು, ಎರಡನೇ ಸಂಚಿಕೆಗೇ ದುಂಡಗಾಯಿತು. ಕಾಮಿಕ್ಸ್ ಲೆಕ್ಕದಲ್ಲಿ ಅದರ ಅಗಲ ಎರಡೂವರೆ ಅಡಿ, ತೂಕ 12 ಪೌಂಡು, ಅಂದರೆ ಸುಮಾರು ಐದೂವರೆ ಕೇಜಿ. ನಮ್ಮ ಕ್ಯಾಪ್ಟನ್‌ಗೆ ಎಂಟು ವರ್ಷ.

ಶನಿವಾರ ಹಾಸನಕ್ಕೆ ಬಂದವನೇ ಗುಜರಿ ಅಂಗಡಿಗೆ ಹೋದೆ. ಮನಸ್ಸಲ್ಲಿ ಇದ್ದದ್ದು ಹಳೇ ಡಿಟಿಎಚ್ ಡಿಶ್. ಉಕ್ಕಿನ ತಗಡು, ಆಗಲೇ ಬಾಗಿರುತ್ತೆ, ಎರಡಡಿ ಅಗಲ. 150 ರೂಪಾಯಿಗೆ ಸಿಕ್ತು. ಮನೆಗೆ ತಂದು ಟೇಪ್ ಹಿಡಿದಾಗ ಗೊತ್ತಾಯ್ತು, ಡಿಶ್ ಪೂರ್ತಿ ದುಂಡಗಿರಲ್ಲ. ಅಗಲ 60 ಸೆಂಟಿಮೀಟರ್, ಎತ್ತರ 65. ದುಂಡಗೆ ಮಾಡಬೇಕಾದ್ರೆ ಗ್ರೈಂಡರಲ್ಲಿ ಕತ್ತರಿಸಬೇಕು, ಕತ್ತರಿಸಿದ ಅಂಚು ಬ್ಲೇಡಿನ ಥರ ಇರುತ್ತೆ. ಆಮೇಲೆ ನೋಡಿಕೊಳ್ಳೋಣ ಅಂತ ಅದನ್ನು ಬೈಕಿಗೆ ಕಟ್ಟಿಕೊಂಡು ಅರಕಲಗೂಡಿಗೆ ಹೋದೆ.

ಹುಡುಗ ಓಡಿ ಬಂದ. ಕಣ್ಣು ಅರಳಿತು. ಬಲಗೈಯಲ್ಲಿ ಡಿಶ್ ಎತ್ತಿದ, ಸ್ವಲ್ಪ ಹೊತ್ತು ಹಿಡಿದ, ಕೆಳಗಿಟ್ಟ.

"ಕ್ಯಾಪ್ಟನ್ ಎಡಗೈಗಲ್ವೇನೋ ಕಟ್ಕೊಳ್ಳೋದು?" ಅಂದೆ.

ಅವನು ಮಾತಾಡಲಿಲ್ಲ. ಎಡಗೈ ಚಡ್ಡಿ ಜೇಬಲ್ಲಿತ್ತು.

ದಸರಾ ರಜೆಯಲ್ಲಿ ಸೀಬೆ ಮರದಿಂದ ಬಿದ್ದು ಎಡ ಮುಂಗೈ ಮೂಳೆ ಮುರಿದುಕೊಂಡಿದ್ದ. ಪ್ಲಾಸ್ಟರ್ ತೆಗೆದು ಎಷ್ಟೋ ದಿನ ಆಗಿತ್ತು. ಮೂಳೆ ಕೂಡಿಕೊಂಡಿದೆ, ಇನ್ನು ದಿನಾ ಸಣ್ಣಪುಟ್ಟ ಕೆಲಸಕ್ಕೆ ಆ ಕೈ ಬಳಸಬೇಕು, ಭಾರ ಮಾತ್ರ ಈಗಲೇ ಬೇಡ ಅಂತ ಡಾಕ್ಟ್ರು ಹೇಳಿದ್ರು. ಇವನು ಆ ಕೈಯನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ಅಂಗಿ ಗುಂಡಿ ಹಾಕೋದು, ಬಾಟಲಿ ಮುಚ್ಚಳ ತಿರುಗಿಸೋದು ಎಲ್ಲಾ ಬಲಗೈ ಮತ್ತು ಹಲ್ಲು. "ಇನ್ನೊಂದು ಕೈ ಇದೆ ಅನ್ನೋದೇ ಮರೆತಂಗಿದಾನೆ" ಅಂತ ಅಕ್ಕ ಫೋನಲ್ಲಿ ಎರಡು ಮೂರು ಸಲ ಹೇಳಿದ್ದಳು. ನಾನು 'ಸರಿ ಹೋಗುತ್ತೆ ಬಿಡು' ಅಂದಿದ್ದೆ. ಗುರಾಣಿಯ ಅಗಲ, ಬಣ್ಣ, ಬೆಲೆ ಎಲ್ಲಾ ಲೆಕ್ಕ ಹಾಕಿದ್ದೆ. ಅದನ್ನು ಹೊರುವ ಕೈಯ ಲೆಕ್ಕವೇ ಹಾಕಿರಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಡಿಶ್ ಎರಡು ಕೇಜಿಗೆ ಹತ್ತಿರ. ಅದು ಅಲ್ಲೇ ಉಳಿಯಿತು, ಈಗ ಕೋಳಿಗೆ ನೀರಿಡೋಕೆ ಬಳಕೆಯಾಗ್ತಿದೆ.

ತೂಕ ಇಳಿಸೋಕೆ ಎರಡೇ ದಾರಿ. ಅಳತೆ ಚಿಕ್ಕದು ಮಾಡಬೇಕು, ಲೋಹ ಬದಲಿಸಬೇಕು. ಅಲ್ಯುಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಆದರೆ ದುಂಡಗೆ ಬಾಗಿದ ಅಲ್ಯುಮಿನಿಯಂ ತಗಡು ಎಲ್ಲಿ ಸಿಗುತ್ತೆ? ಉತ್ತರ ಹೇಳಿದ್ದು ಅಮ್ಮ. "ಮದುವೆ ಅಡುಗೆ ಪಾತ್ರೆ ಮುಚ್ಚಳ ಆಗಲ್ವೇನೋ?"

ಮುಂದಿನ ವಾರ ಬೆಂಗಳೂರಿಂದ ಬರುವಾಗ ಚನ್ನರಾಯಪಟ್ಟಣದಲ್ಲಿ ಬೈಕ್ ನಿಲ್ಲಿಸಿ ಪಾತ್ರೆ ಅಂಗಡಿ ಹೊಕ್ಕೆ. ನಾನು ಒಂದೊಂದೇ ಮುಚ್ಚಳ ಎತ್ತಿ ಎಡಗೈಗೆ ಹಿಡಿದು, ಬೆರಳಲ್ಲಿ ಬಡಿದು ನೋಡ್ತಿದ್ದರೆ ಅಂಗಡಿಯವರು ಪಾಪ ತಾಳ್ಮೆಯಿಂದ ನಿಂತಿದ್ರು. ಕೊನೆಗೆ ಕೇಳಿದ್ರು: "ಎಷ್ಟು ಜನದ ಅಡುಗೆ ಸಾರ್?" 45 ಸೆಂಟಿಮೀಟರ್ ಅಗಲದ, ನಡುವೆ ಉಬ್ಬಿರುವ ಮುಚ್ಚಳ ಒಪ್ಪಿಗೆಯಾಯಿತು. ತೂಕಕ್ಕೆ ಹಾಕಿದರೆ 520 ಗ್ರಾಂ, 240 ರೂಪಾಯಿ. ಅಂಚು ಮೊದಲೇ ಒಳಕ್ಕೆ ಮಡಚಿತ್ತು, ಕೈ ಕುಯ್ಯುವ ಭಯವಿಲ್ಲ.

ಅಲ್ಲಿಂದ ಹೊಳೆನರಸೀಪುರ. ದೊಡ್ಡಪ್ಪ ಮೊದಲು ಕಾರು ಟಿಂಕರಿಂಗ್ ಮಾಡ್ತಿದ್ದವರು, ಈಗ ಮನೆ ಹಿಂದಿನ ಶೆಡ್ಡಲ್ಲಿ ಡ್ರಿಲ್ಲು, ವೈಸು ಇಟ್ಟುಕೊಂಡಿದ್ದಾರೆ. ಮುಚ್ಚಳದ ಹಿಡಿಯ ರಿವಿಟ್ ಎರಡೇ ನಿಮಿಷದಲ್ಲಿ ಹಾರಿಸಿದರು. ನಂತರ ಶುರುವಾಯ್ತು ನಿಜವಾದ ಚರ್ಚೆ: ಹಿಂದೆ ಹಿಡಿ ಹೇಗೆ ಹಾಕೋದು?

ಸಿನಿಮಾ ಗುರಾಣಿಯ ಮುಂದೆ ಒಂದು ಬೋಲ್ಟೂ ಕಾಣಲ್ಲ. ನನ್ನ ಯೋಜನೆ ಸುಲಭವಿತ್ತು. ನಟ್ಟನಡುವೆ ಒಂದೇ ಹಿಡಿ, ಅದರ ಬೋಲ್ಟುಗಳ ಮೇಲೆ ನಕ್ಷತ್ರ ಅಂಟಿಸಿದರೆ ಎಲ್ಲಾ ಮುಚ್ಚಿಹೋಗುತ್ತೆ. ದೊಡ್ಡಪ್ಪ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದರು. "ಹಿಂಗೆ ಹಿಡಿದ್ರೆ ಭಾರವೆಲ್ಲಾ ಮಣಿಕಟ್ಟಿಗೆ ಬೀಳುತ್ತೆ. ಮಗಂಗೆ ಮುರಿದಿದ್ದು ಅಲ್ಲೇ ತಾನೆ?" ಆಮೇಲೆ ಮೊಣಕೈ ಹತ್ತಿರ ಒಂದು, ಅಂಗೈ ಹತ್ತಿರ ಒಂದು, ಎರಡು ಪಟ್ಟಿ ಹಾಕಿದರೆ ಇಡೀ ಮುಂಗೈ ಭಾರ ಹೊರುತ್ತೆ ಅಂದರು. ಆದರೆ ಆಗ ಬೋಲ್ಟುಗಳು ದೂರ ದೂರ ಬರುತ್ತವೆ, ನಕ್ಷತ್ರದ ಅಡಿ ಅಡಗಲ್ಲ. ನಾಲ್ಕು ತಲೆ ಹೊರಗೆ ಕಾಣುತ್ತೆ.

ಆಗ ನೆನಪಾಗಿದ್ದು ಮ್ಯೂಸಿಯಂಗಳಲ್ಲಿ ನೋಡಿದ್ದ ನಮ್ಮ ದೇಶದ ಹಳೇ ದುಂಡು ಗುರಾಣಿಗಳು. ಅವುಗಳ ಮುಂಭಾಗದಲ್ಲಿ ನಾಲ್ಕು ಲೋಹದ ಉಬ್ಬುಗಳಿರುತ್ತವೆ. ನಾನು ಅಲಂಕಾರ ಅಂದುಕೊಂಡಿದ್ದೆ. ಅಸಲಿಗೆ ಹಿಂದಿನ ಹಿಡಿಯನ್ನು ಕಟ್ಟುವ ಬಳೆಗಳನ್ನು ಹಿಡಿದಿರೋದೇ ಅವು. ಅವುಗಳ ನಡುವೆ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತೆ, ಏಟು ಬಿದ್ದಾಗ ಬೆರಳ ಗೆಣ್ಣು ಜಜ್ಜದಿರಲಿ ಅಂತ. ಹಳಬರು ಬೋಲ್ಟು ಮುಚ್ಚಿಡಲಿಲ್ಲ, ಅದಕ್ಕೇ ಹೊಳಪು ಕೊಟ್ಟರು. ನಾವೂ ಹಾಗೇ ಮಾಡೋಣ ಅಂತ ತೀರ್ಮಾನವಾಯ್ತು. ಗುಂಡು ತಲೆಯ ಸ್ಟೀಲ್ ಬೋಲ್ಟು ನಾಲ್ಕು, ಒಳಗಡೆ ಕೈಗೆ ಚುಚ್ಚದಂತೆ ಡೋಮ್ ನಟ್ಟು, ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಬಕಲ್ ಸಮೇತ, ಕೆಳಗೆ ಸ್ಪಂಜಿನ ಮೆತ್ತೆ.

ಬಣ್ಣದ ಅಳತೆ ಬೇಕಾದವರಿಗೆ: 45 ಸೆಂಟಿಮೀಟರ್ ಅಗಲಕ್ಕೆ ನಡುವಿನ ನೀಲಿ ವೃತ್ತದ ತ್ರಿಜ್ಯ 9, ಅದರಾಚೆ ನಾಲ್ಕೂವರೆ ಸೆಂಟಿಮೀಟರಿನ ಮೂರು ಪಟ್ಟಿ: ಕೆಂಪು, ಬೆಳ್ಳಿ, ಕೆಂಪು. ನಡುವೆ ಮೊಳೆ, ಮೊಳೆಗೆ ದಾರ, ದಾರದ ತುದಿಗೆ ಪೆನ್ಸಿಲ್. ನಕ್ಷತ್ರವನ್ನು ಉಳಿದಿದ್ದ ಅಲ್ಯುಮಿನಿಯಂ ತುಂಡಲ್ಲಿ ಕತ್ತರಿಸಿ ಅರಾಲ್ಡೈಟಲ್ಲಿ ಅಂಟಿಸೋದು. ಐದು ತುದಿ, ಒಂದಕ್ಕೊಂದು 72 ಡಿಗ್ರಿ, ತುದಿಗಳನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿ. ಬೆಳ್ಳಿ ಪಟ್ಟಿಗೆ ಬಣ್ಣವೇ ಬೇಡ. ಎಮರಿ ಪೇಪರನ್ನು ಸುತ್ತಾ ಒಂದೇ ದಿಕ್ಕಿಗೆ ತಿಕ್ಕಿ ಹಾಗೇ ಬಿಟ್ಟರೆ ಸಿನಿಮಾದಲ್ಲಿ ಕಾಣುವ ಹೊಳಪೇ ಬರುತ್ತೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡ್ತೀನಿ. ಅವಸರದಲ್ಲಿ ಬಟ್ಟೆಯಲ್ಲಿ ಒರೆಸಿ ನೇರವಾಗಿ ಕೆಂಪು ಸ್ಪ್ರೇ ಹೊಡೆದೆ. ಬೆಳಗ್ಗೆ ಮಾಸ್ಕಿಂಗ್ ಟೇಪ್ ಎಳೆದರೆ ಬಣ್ಣವೂ ಬಾಳೆದಿಂಡಿನ ಪದರದ ಥರ ಸುಲಿದು ಬಂತು. ನಯವಾದ ಅಲ್ಯುಮಿನಿಯಂ ಮೇಲೆ ಬಣ್ಣ ಕಚ್ಚಲ್ಲ. ಮೊದಲು ಎಮರಿ ಪೇಪರಲ್ಲಿ ಗೀರಬೇಕು, ಸೋಪು ನೀರಲ್ಲಿ ಜಿಡ್ಡು ತೊಳೆಯಬೇಕು, ಒಣಗಿದ ಮೇಲೆ ಥಿನ್ನರಲ್ಲಿ ಒರೆಸಿ, ಅಲ್ಯುಮಿನಿಯಂಗೆ ಆಗುವ ಎಚ್ ಪ್ರೈಮರ್ ಹೊಡೆಯಬೇಕು. ಆಮೇಲೆ ಬಣ್ಣ, ತೆಳುವಾಗಿ ಎರಡು ಮೂರು ಸಲ. ಸ್ಪ್ರೇ ಮಾಡೋದು ಬಯಲಲ್ಲೇ, ಮೂಗಿಗೆ ಮಾಸ್ಕ್ ಹಾಕಿ. ಡ್ರಿಲ್ ಮಾಡುವಾಗ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬೇಡ.

ಖರ್ಚು: ಮುಚ್ಚಳ 240, ಎಮರಿ ಪೇಪರ್ 30, ಪ್ರೈಮರ್ 220, ಕೆಂಪು ನೀಲಿ ಎರಡು ಕ್ಯಾನ್ 440, ಟೇಪ್ 60, ಬೋಲ್ಟು ನಟ್ಟು 40, ಅರಾಲ್ಡೈಟ್ 60. ಒಟ್ಟು 1,090 ರೂಪಾಯಿ. ನನ್ನ ದಡ್ಡತನದ ಬಾಬ್ತು ಬೇರೆ: ಹಾಳಾದ ಕ್ಯಾನ್ 220, ಡಿಶ್ 150. ಎಲ್ಲಾ ಸೇರಿ 1,460. ಬಜೆಟ್ ಒಳಗೇ ಬಂತು, 40 ರೂಪಾಯಿ ಉಳೀತು.

ಪಟ್ಟಿ, ಬೋಲ್ಟು, ಬಣ್ಣ ಸೇರಿ ತೂಕ 710 ಗ್ರಾಂ. ಅವನು ಸ್ಕೂಲಿಗೆ ಒಯ್ಯುವ ನೀರು ತುಂಬಿದ ಬಾಟಲಿಗಿಂತ ಕಮ್ಮಿ. ಆದರೂ ಅಕ್ಕ ಡಾಕ್ಟ್ರನ್ನ ಕೇಳಿಯೇ ಕೊಟ್ಟಳು. ಒಂದೊಂದು ಸಲಕ್ಕೆ ಐದು ನಿಮಿಷ ಕಟ್ಟಿಕೊಳ್ಳಲಿ, ಅದರಿಂದ ಯಾರಿಗೂ ಯಾವುದಕ್ಕೂ ಗುದ್ದೋದು ಬೇಡ ಅಂದರಂತೆ.

ಮೊದಲ ದಿನ ಹುಡುಗ ಗುರಾಣಿಯನ್ನು ಮಡಿಲಲ್ಲಿಟ್ಟುಕೊಂಡು ಬೋಲ್ಟುಗಳನ್ನೇ ಮುಟ್ಟಿ ನೋಡಿದ.

"ಮಾಮ, ಕ್ಯಾಪ್ಟನ್‌ದಕ್ಕೆ ಇವು ಇಲ್ಲ."

"ಅವನ ಕೈ ಮುರಿದಿರಲಿಲ್ವಲ್ಲೋ. ಇದು ನಿನ್ನ ಅಳತೆಗೆ ಮಾಡಿದ್ದು."

ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ಜೇಬಿಂದ ಎಡಗೈ ತೆಗೆದು ಪಟ್ಟಿಯೊಳಗೆ ತೂರಿಸಿದ. ನಾನು ಬಕಲ್ ಬಿಗಿದೆ. ಅಕ್ಕ ಅಡುಗೆಮನೆಯಿಂದ ಸೌಟು ತಂದುಕೊಟ್ಟಳು. ನಡುವೆ ಬಡಿದರೆ 'ಡಬ್' ಅಂತು, ಮುಖ ಸಪ್ಪಗಾಯ್ತು. ಅಂಚಿನ ಹತ್ತಿರ ಬಡಿಯೋ ಅಂದೆ. 'ಟಣ್!' ಪಕ್ಕದ ಮನೆ ನಾಯಿ ಬೊಗಳಿತು.

ಮೂರು ವಾರ ದಿನಾ ಐದು ನಿಮಿಷ ಅಂತ ಶುರುವಾಗಿದ್ದು ಯಾವಾಗ ಆಟ ಆಯ್ತೋ ಗೊತ್ತಿಲ್ಲ. ಎರಡನೇ ವಾರ ಅಕ್ಕ ಒಂದು ವಿಡಿಯೋ ಕಳಿಸಿದಳು. ಗುರಾಣಿ ಗೋಡೆಗೆ ಒರಗಿತ್ತು. ಇವನು ಎಡಗೈಯಲ್ಲಿ ಬಾಟಲಿ ಹಿಡಿದು ಬಲಗೈಯಲ್ಲಿ ಮುಚ್ಚಳ ತಿರುಗಿಸ್ತಿದ್ದ. ಹಲ್ಲು ಬಳಸಲಿಲ್ಲ. ಆ ವಿಡಿಯೋವನ್ನು ಮೀಟಿಂಗ್ ಮಧ್ಯೆ ನಾಲ್ಕು ಸಲ ನೋಡಿದೆ. ಗುರಾಣಿಯಿಂದಲೇ ಕೈ ವಾಸಿಯಾಯ್ತು ಅಂತ ನಾನು ಹೇಳಲ್ಲ, ಮೂಳೆ ಆಗಲೇ ಕೂಡಿತ್ತು. ಆ ಕೈಯನ್ನು ಜೇಬಿಂದ ಹೊರಗೆ ತೆಗೆಯೋಕೆ ಅವನಿಗೊಂದು ಕಾರಣ ಬೇಕಿತ್ತು ಅಷ್ಟೆ.

ನೀವೂ ಮಾಡೋದಾದ್ರೆ ಒಂದೇ ಮಾತು: ಹಿಂಭಾಗದಿಂದ ಶುರು ಮಾಡಿ. ಮುಂದಿನ ಬಣ್ಣ ಒಂದು ಸಂಜೆಯ ಕೆಲಸ. ಯಾರ ಕೈ, ಎಷ್ಟು ಉದ್ದ, ಎಷ್ಟು ಭಾರ ತಡೆಯುತ್ತೆ ಅನ್ನೋದನ್ನ ಮೊದಲು ಅಳೆದುಕೊಂಡು ಆಮೇಲೆ ಪಾತ್ರೆ ಅಂಗಡಿಗೆ ಹೋಗಿ.

ಸ್ಕೂಲ್ ಡೇ ಮುಗಿದ ರಾತ್ರಿ ಅವನದೇ ಫೋನ್ ಬಂತು.

"ಮಾಮ, ಮುಂದಿನ ವರ್ಷ ಥಾರ್. ಸುತ್ತಿಗೆ ಬೇಕು."

"ಯಾವ ಕೈಗೋ?"

"ಎರಡಕ್ಕೂ."