ಹೆಗಲಿನ ನೋವೂ ವ್ಯಾಯಾಮ ಚಿಕಿತ್ಸೆಯೂ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ರಥದ ಹಗ್ಗವನ್ನೆಳೆಯುವ ಭಕ್ತನಿಗಾಗಲಿ, ತಿರುಮಕೂಡಲು ನರಸೀಪುರದ ಗದ್ದೆಬಯಲಿನಲ್ಲಿ ಭತ್ತದ ಮೂಟೆಯನ್ನು ಹೊರುವ ರೈತನಿಗಾಗಲಿ, ಅಟ್ಟದ ಮೇಲಿನ ಪಾತ್ರೆಯನ್ನಿಳಿಸುವ ಗೃಹಿಣಿಗಾಗಲಿ ಹೆಗಲು ಉಳುಕುವುದು ಅಪರೂಪವಲ್ಲ. ದುಡಿಯುವವರ ತೋಳು ಮೇಲೇಳದೆ ಹೋದರೆ ಸಂಸಾರದ ಅನ್ನಕ್ಕೇ ಕುಂದು ಬರುವುದು. ಆದಕಾರಣ ವಾಚಕರು ಈ ವಿಷಯವನ್ನು ಅರಿತಿರುವುದು ಒಳ್ಳೆಯದು.

ಶರೀರದ ಕೀಲುಗಳಲ್ಲಿ ಅತ್ಯಂತ ಹೆಚ್ಚಾಗಿ ಚಲಿಸತಕ್ಕದ್ದು ಹೆಗಲಿನ ಕೀಲು. ತೋಳಿನ ಮೂಳೆಯ ಗುಂಡಾದ ತಲೆಯು ಆಳವಿಲ್ಲದ ಗುಳಿಯೊಂದರಲ್ಲಿ ಕುಳಿತಿರುವುದು. ಅದು ಜಾರದಂತೆ ಹಿಡಿದಿರುವುವು ಹೆಗಲ ಹಲಗೆಯಿಂದ ಹೊರಟ ನಾಲ್ಕು ಮಾಂಸಖಂಡಗಳು. ಹಠಾತ್ತಾದ ಎಳೆತದಿಂದಲೋ, ಬಿದ್ದುದರಿಂದಲೋ, ವಯಸ್ಸಿನ ಸವೆತದಿಂದಲೋ ಇವುಗಳ ಎಳೆಗಳು ಹರಿಯುವುವು.

ಇಂತಹ ಸಮಯದಲ್ಲಿ ಜನರು ಎರಡು ತಪ್ಪುಗಳನ್ನು ಮಾಡುವುದುಂಟು. ವೈದ್ಯರು ಹೇಳದಿದ್ದರೂ ಕೈಯನ್ನು ವಾರಗಟ್ಟಲೆ ಕುತ್ತಿಗೆಗೆ ಕಟ್ಟಿಕೊಂಡಿರುವುದು ಮೊದಲನೆಯದು. ಚಲನೆಯಿಲ್ಲದ ಕೀಲಿನ ಚೀಲವು ಬಿಗಿದು ತೋಳು ಸೆಟೆದುಕೊಳ್ಳುವುದು. ಹೆಗಲಿನ ಬಂಧನಗಳು ಒಣಗಿ ತೋಳು ಆಡದಂತಾಗುವ ರೋಗವನ್ನು ಸುಶ್ರುತಸಂಹಿತೆಯು ಅವಬಾಹುಕವೆಂದು ಕರೆದಿದೆ. ಮಧುಮೇಹವುಳ್ಳವರಲ್ಲಿ ಕೀಲು ಸೆಟೆಯುವ ಭಯ ಅಧಿಕ. ಉಳುಕು ತೆಗೆಯುತ್ತೇವೆನ್ನುವವರಿಂದ ತೋಳನ್ನು ಬಲವಾಗಿ ಸೆಳೆಯಿಸುವುದು ಎರಡನೆಯ ತಪ್ಪು. ಅರೆ ಹರಿದುದು ಇದರಿಂದ ಪೂರ್ತಿ ಹರಿಯಬಹುದು.

ಯುಕ್ತವಾದ ಮಾರ್ಗವು ಇವೆರಡರ ನಡುವೆ ಇದೆ. ಮೊದಲ ಕೆಲವು ದಿನ ಭಾರವನ್ನೆತ್ತದೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡತಕ್ಕದ್ದು. ನೋವು ತಗ್ಗಿದ ಮೇಲೆ ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ, ನೊಂದ ತೋಳನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲನೆ ತೂಗಬೇಕು. ಅನಂತರ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ತೋಳನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಕಡೆಯಲ್ಲಿ ರಬ್ಬರಿನ ಪಟ್ಟಿಯನ್ನೆಳೆದು ಬಲವನ್ನು ಬೆಳೆಸಬೇಕು. ಸ್ವಲ್ಪ ನೋವು ಸಹಜ. ರಾತ್ರಿಯೆಲ್ಲ ನಿದ್ದೆಗೆಡಿಸುವಷ್ಟು ನೋವಾದರೆ ಅಭ್ಯಾಸವು ಅತಿಯಾಯಿತೆಂದು ತಿಳಿಯಬೇಕು. ಅನೇಕರಿಗೆ 6ರಿಂದ 12 ವಾರಗಳಲ್ಲಿ ಗುಣ ಕಾಣುವುದು. ನಡುವೆ ಬಿಟ್ಟವರಿಗೆ ಫಲವಿಲ್ಲ.

ಈ ಕ್ರಮವನ್ನು ಫಿಸಿಯೋಥೆರಪಿ ಬಲ್ಲವರಿಂದ ಒಮ್ಮೆ ನೋಡಿ ಕಲಿಯುವುದು ಉತ್ತಮ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಜೆ.ಎಸ್.ಎಸ್. ಫಿಸಿಯೋಥೆರಪಿ ಕಾಲೇಜೂ ನಮ್ಮ ಎರಡು ತಾಲ್ಲೂಕುಗಳಿಗೂ ದೂರವಲ್ಲ.

ಬಿದ್ದ ಮೇಲೆ ತೋಳು ಏಳದಿದ್ದರೆ, ಹೆಗಲಿನ ಆಕಾರ ಕೆಟ್ಟಿದ್ದರೆ, ಕೈ ಜೋಮು ಹಿಡಿದಿದ್ದರೆ ಅಥವಾ ಜ್ವರದೊಡನೆ ಕೀಲು ಊದಿದ್ದರೆ ವ್ಯಾಯಾಮಕ್ಕೆ ತೊಡಗದೆ ಕೂಡಲೇ ವೈದ್ಯರನ್ನು ಕಾಣಬೇಕು. ಎದೆಯ ಬಿಗಿತ, ಬೆವರು, ಉಬ್ಬಸಗಳೊಡನೆ ಬರುವ ಹೆಗಲ ನೋವು ಹೃದಯದ್ದಾಗಿರಬಹುದು. ಅಲ್ಲಿ ಕ್ಷಣಮಾತ್ರವೂ ತಡಮಾಡಲಾಗದು. ಉಳಿದ ನೋವಿನಲ್ಲಿ ಮನೆಯವರು ರೋಗಿಗೆ ಭಾರದ ಕೆಲಸವನ್ನು ತಪ್ಪಿಸಿ, ದಿನಕ್ಕೆರಡು ಬಾರಿ ಅಭ್ಯಾಸವನ್ನು ನೆನಪಿಸಿ ಮಾಡಿಸುತ್ತಿದ್ದರೆ ಅದೇ ದೊಡ್ಡ ಶುಶ್ರೂಷೆ.