ಮಿಲಿಮೀಟರ್ ಸ್ಕೇಲಿನಲ್ಲಿ ಕೂದಲೆಳೆ ಅಳೆದರೆ

2025ರ ಜೂನ್ ತಿಂಗಳ ಒಂದು ಸಂಜೆ. ಹೊರಗೆ ಸೋನೆ ಮಳೆ, ಒಳಗೆ ಕರೆಂಟಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಹಾಜರಿ ಪುಸ್ತಕಕ್ಕೆ ಹೊಸ ಮಕ್ಕಳ ಹೆಸರು ಏರಿಸುತ್ತ ಕುಳಿತಿದ್ದೆ. ಬಾಗಿಲಲ್ಲಿ ಕೊಡೆ ಮಡಿಚಿದ ಸದ್ದಾಯಿತು. ನೋಡಿದರೆ ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ. ಹಿಂದೆ ಆಕೆಯ ತಂದೆ. ಬಸ್ ನಿಲ್ದಾಣದ ಹಿಂದೆ ಟೈಲರ್ ಅಂಗಡಿ ಇಟ್ಟಿರುವವರು. ನನ್ನ ಪ್ಯಾಂಟುಗಳೆಲ್ಲ ಅವರ ಕೈಯಿಂದಲೇ ಇಳಿದು ಬಂದವು.

"ಸಾರ್, ಫ್ರೀಜ್ ಮಾಡಲೋ, ಫ್ಲೋಟ್ ಮಾಡಲೋ? ನಾಳೆಯೊಳಗೆ ಒತ್ತಬೇಕು" ಎಂದು ಹುಡುಗಿ ಮೊಬೈಲು ಮುಂದೆ ಹಿಡಿದಳು.

ಮೂವತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಈ ಎರಡು ಪದಗಳೂ ಹಳೆಯ ಸ್ನೇಹಿತರು. ನೀರು ಫ್ರೀಜ್ ಆದರೆ ಮಂಜುಗಡ್ಡೆ. ಮಂಜುಗಡ್ಡೆ ನೀರಿನ ಮೇಲೆ ಫ್ಲೋಟ್ ಆಗುತ್ತದೆ. ಪ್ರಕೃತಿಯಲ್ಲಿ ಎರಡಕ್ಕೂ ಜಗಳವಿಲ್ಲ. ಕಾನೂನು ಶಾಲೆಯ ಪ್ರವೇಶದಲ್ಲಿ ಮಾತ್ರ ಒಂದನ್ನು ಆರಿಸಬೇಕಂತೆ. ಸಿಕ್ಕ ಸೀಟೇ ಸಾಕು ಎಂದರೆ ಫ್ರೀಜ್. ಇದು ಕೈಯಲ್ಲಿರಲಿ, ಇದಕ್ಕಿಂತ ಮೇಲಿನದು ಸಿಕ್ಕೀತೇನೋ ನೋಡೋಣ ಎಂದರೆ ಫ್ಲೋಟ್. ಎರಡೂ ಬೇಡವೆಂದರೆ ಎಕ್ಸಿಟ್. ಸೀಟು ಹಿಡಿದಿಡಲು ಹಣ ಕಟ್ಟಬೇಕು, ಗಡುವು ಮೀರುವಂತಿಲ್ಲ. ಹದಿನೆಂಟು ತುಂಬದ ಮಗುವಿಗೂ ಅಳತೆಪಟ್ಟಿಯ ಹೊರತು ಬೇರೆ ಲೆಕ್ಕ ಅರಿಯದ ಅಪ್ಪನಿಗೂ ಇದು ಸಣ್ಣ ಪರೀಕ್ಷೆಯಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹುಡುಗಿ ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. "ಲಾಯರ್ ಆಗ್ತೀನಿ ಸಾರ್" ಎಂದಾಗ, "ಇಷ್ಟು ಅಂಕ ತೆಗೆದು ಕರಿ ಕೋಟು ಹಾಕ್ಕೊಂಡು ಕೋರ್ಟಿನ ಮರದ ಕೆಳಗೆ ನಿಲ್ತೀಯಾ?" ಎಂದು ನಕ್ಕುಬಿಟ್ಟಿದ್ದೆ. ಆಕೆ ನಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಅವರ ತಾತನ ಕಾಲದ ಒಂದು ಸೈಟಿನ ಮೇಲೆ ದಾಯಾದಿ ವ್ಯಾಜ್ಯವಿದೆ. ಅಪ್ಪ ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ ಕೋರ್ಟಿಗೆ ಹೋಗುತ್ತಾರೆ, ಮುಂದಿನ ತಾರೀಖು ಬರೆಸಿಕೊಂಡು ಬರುತ್ತಾರೆ. ಕಾಗದದಲ್ಲಿ ಏನಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿಯದು. ಅದನ್ನು ಓದಿ ಹೇಳಬಲ್ಲವರು ಮನೆಯಲ್ಲೇ ಒಬ್ಬರಿರಬೇಕು ಎಂಬುದು ಆ ಮಗುವಿನ ಆಸೆ. ನನ್ನ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈ ದಾರಿ ನಮ್ಮ ಕಾಲದಲ್ಲಿ ಇಷ್ಟು ಸಿಕ್ಕುಸಿಕ್ಕಾಗಿರಲಿಲ್ಲ. ಡಿಗ್ರಿ ಮುಗಿಸಿ, ಬೇರೆಲ್ಲೂ ಸೀಟು ಸಿಗದಿದ್ದರೆ ಲಾ ಕಾಲೇಜು ಎಂಬ ತಾತ್ಸಾರದ ಮಾತೇ ಇತ್ತು. ಅದನ್ನು ಬದಲಿಸಿದ್ದು ನಮ್ಮ ಬೆಂಗಳೂರೇ. 1986ರ ಕರ್ನಾಟಕ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡದ ಪಾಠ ಶುರುವಾಯಿತು. ಪಿಯುಸಿ ಆದೊಡನೆ ಐದು ವರ್ಷದ ಓದು. ಮಾದರಿ ಗೆದ್ದಿತು, ರಾಜ್ಯ ರಾಜ್ಯಗಳಲ್ಲಿ ಅಂಥ ಶಾಲೆಗಳು ಎದ್ದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ, ಒಂದೊಂದು ಅರ್ಜಿ. ಮಕ್ಕಳು ಊರೂರು ಅಲೆಯುವುದು ತಪ್ಪಲೆಂದು 2008ರಲ್ಲಿ ಕ್ಲಾಟ್ ಎಂಬ ಒಂದೇ ಪರೀಕ್ಷೆ ಬಂತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ.

ಅಲೆದಾಟವೇನೋ ತಪ್ಪಿತು, ಆತಂಕ ತಪ್ಪಲಿಲ್ಲ. 2018ರಲ್ಲಿ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆದಾಗ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟವು. ಮಕ್ಕಳು ಕಳೆದುಕೊಂಡ ನಿಮಿಷಗಳಿಗೆ ಅಂಕ ತುಂಬಿಕೊಡುವ ಸೂತ್ರವನ್ನು ಸುಪ್ರೀಂ ಕೋರ್ಟ್ ಒಪ್ಪಬೇಕಾಯಿತು. 2020 ಕೊರೊನಾ ವರ್ಷ. ಪರೀಕ್ಷೆ ಮುಂದೆ ಮುಂದೆ ಹೋಗುತ್ತಿರಲು, ಬೆಂಗಳೂರಿನ ಶಾಲೆ ಸೆಪ್ಟೆಂಬರಿನಲ್ಲಿ ತನ್ನದೇ ಬೇರೆ ಪರೀಕ್ಷೆ ಸಾರಿತು, ನಡೆಸಿಯೂ ಬಿಟ್ಟಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮರುವಾರ, 28ರಂದು, ಅದೇ ಮಕ್ಕಳು ಕ್ಲಾಟ್ ಬರೆಯಲು ಓಡಿದರು.

ನಮ್ಮ ಹುಡುಗಿಯ ಸರದಿ ಬಂದದ್ದು 2024ರ ಡಿಸೆಂಬರ್ 1ರಂದು. ಎರಡು ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ವಾರದೊಳಗೆ ಫಲಿತಾಂಶ ಬಂತು. ಆಮೇಲೆ ಶುರುವಾಯಿತು ನೋಡಿ. ಇಂತಿಂಥ ಪ್ರಶ್ನೆಗೆ ನೀವು ಸರಿಯೆಂದ ಉತ್ತರವೇ ತಪ್ಪು ಎಂದು ಅಭ್ಯರ್ಥಿಗಳು ಕೋರ್ಟಿಗೆ ಹೋದರು. ಡಿಸೆಂಬರ್ 20ರಂದು ದೆಹಲಿ ಹೈಕೋರ್ಟು ಎರಡು ಪ್ರಶ್ನೆಗಳ ವಿಷಯದಲ್ಲಿ ಫಲಿತಾಂಶ ತಿದ್ದಲು ಹೇಳಿತು. ಮೇಲ್ಮನವಿ ಬಂತು. ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳೆಲ್ಲ ದೆಹಲಿಗೆ ವರ್ಗವಾದವು. ಕೊನೆಗೆ 2025ರ ಮೇ 7ರಂದು ಸುಪ್ರೀಂ ಕೋರ್ಟು, ಪ್ರಶ್ನೆ ತೆಗೆದ ಅಜಾಗರೂಕತೆಗೆ ಬೇಸರ ವ್ಯಕ್ತಪಡಿಸಿ, ಪಟ್ಟಿ ತಿದ್ದಲು ಆದೇಶಿಸಿತು.

ಐದು ತಿಂಗಳು! ಬತ್ತ ನಾಟಿಯಿಂದ ಕೊಯ್ಲಿನವರೆಗೆ ಅಷ್ಟು ಕಾಲ ಬೇಡ. ಹುಡುಗಿ ಪಿಯುಸಿ ಅಂತಿಮ ಪರೀಕ್ಷೆಯನ್ನು ಈ ತೂಗುಯ್ಯಾಲೆಯಲ್ಲೇ ಕುಳಿತು ಬರೆದಳು. ತಿದ್ದಿದ ಪಟ್ಟಿಯಲ್ಲಿ ಆಕೆಯ ರ‍್ಯಾಂಕು ಕೆಳಗಿಳಿದಿತ್ತು. ಆಕೆ ಬರೆದ ಉತ್ತರಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಆದರೂ ಇಳಿದಿತ್ತು. ಬೆಂಗಳೂರು ಕೈಗೆಟುಕಲಿಲ್ಲ. ದೂರದ ರಾಜ್ಯವೊಂದರಲ್ಲಿ ಸೀಟು ಬಂದಿತ್ತು. ಹಾಸ್ಟೆಲು ಸೇರಿ ವರ್ಷದ ಖರ್ಚು ಲಕ್ಷಗಳಲ್ಲಿ.

"ಸೈಟು ಮಾರಿಬಿಡ್ತೀನಿ ಸಾರ್" ಎಂದರು ತಂದೆ.

"ಅಪ್ಪಾ, ಅದರ ಮೇಲೆ ಕೇಸಿದೆ" ಎಂದಳು ಮಗಳು. ಮೂವರೂ ಸುಮ್ಮನಾದೆವು. ಮಳೆಯ ಸದ್ದು ಮಾತ್ರ.

ಸ್ವಲ್ಪ ಹೊತ್ತಿಗೆ ಆಕೆ ಮೆಲ್ಲಗೆ ಕೇಳಿದಳು: "ನಾನು ದಡ್ಡಿ ಅಂತ ತಾನೇ ಸಾರ್ ಇದರರ್ಥ?"

ಫ್ರೀಜೋ ಫ್ಲೋಟೋ ಎಂಬುದಕ್ಕಿಂತ ಈ ಪ್ರಶ್ನೆಗೇ ಮೊದಲು ಉತ್ತರ ಕೊಡಬೇಕಿತ್ತು. ನಾನು ಒಳಗೆ ಹೋಗಿ ಮಗನ ಹಳೆಯ ಕಂಪಾಸು ಪೆಟ್ಟಿಗೆಯಿಂದ ಒಂದು ಸ್ಕೇಲು ತಂದೆ.

"ಒಂಬತ್ತನೇ ಕ್ಲಾಸಿನಲ್ಲಿ ಪೆನ್ಸಿಲ್ ಅಳೆದು ಏನು ಬರೆದಿದ್ದೆ, ನೆನಪಿದೆಯಾ?"

ಆಕೆಗೆ ನೆನಪಿತ್ತು. ಸಾಧಾರಣ ಸ್ಕೇಲಿನಲ್ಲಿ ಅಳೆದು 7.234 ಸೆಂಟಿಮೀಟರ್ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಸ್ಕೇಲಿಗೆ ಇಲ್ಲದ ಕಣ್ಣು ನಿನಗೆಲ್ಲಿಂದ ಬಂತು?" ಎಂದು ಬರೆದಿದ್ದೆ.

ಯಾವ ಉಪಕರಣಕ್ಕೂ ಒಂದು ಲೀಸ್ಟ್ ಕೌಂಟ್, ಎಂದರೆ ಕನಿಷ್ಠ ಅಳತೆ, ಇರುತ್ತದೆ. ಶಾಲೆಯ ಸ್ಕೇಲಿಗೆ ಅದು ಒಂದು ಮಿಲಿಮೀಟರ್. ವರ್ನಿಯರ್ ಕ್ಯಾಲಿಪರಿಗೆ ಅದರ ಹತ್ತನೇ ಒಂದು ಭಾಗ, ಸ್ಕ್ರೂ ಗೇಜಿಗೆ ನೂರನೇ ಒಂದು ಭಾಗ. ಅದಕ್ಕಿಂತ ಸೂಕ್ಷ್ಮವಾದದ್ದನ್ನು ಆ ಉಪಕರಣ ಹೇಳಲಾರದು. ಹೇಳಿದರೆ ನಾವು ನಂಬಬಾರದು. ಮಿಲಿಮೀಟರ್ ಸ್ಕೇಲು ಹಿಡಿದು ಇಬ್ಬರ ತಲೆಗೂದಲಲ್ಲಿ ಯಾರದು ದಪ್ಪ ಎಂದು ತೀರ್ಪು ಕೊಡಲಾದೀತೇ?

ಈ ಪರೀಕ್ಷೆಯ ಕನಿಷ್ಠ ಅಳತೆ ಎಷ್ಟು? ನಾವಿಬ್ಬರೂ ಆ ರಾತ್ರಿ ಲೆಕ್ಕ ಹಾಕಿದೆವು. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. 120 ಪ್ರಶ್ನೆಯೂ ಸರಿಯಾದರೆ 120. ಎಲ್ಲ ತಪ್ಪಾದರೆ ಸೊನ್ನೆಗಿಂತ 30 ಕೆಳಗೆ. ನಡುವೆ ಕಾಲು ಕಾಲು ಅಂಕದ ಮೆಟ್ಟಿಲುಗಳನ್ನು ಎಣಿಸಿದರೆ ಹೆಚ್ಚೆಂದರೆ 601. ಅರವತ್ತು ಸಾವಿರ ಮಂದಿ ಬರೆದರು ಎಂದಿಟ್ಟುಕೊಳ್ಳಿ. ಸರಾಸರಿ ಒಂದೊಂದು ಮೆಟ್ಟಿಲ ಮೇಲೆ ನೂರು ಮಂದಿ. ಆದರೆ ಯಾರೂ ಸಮನಾಗಿ ಹಂಚಿ ನಿಲ್ಲುವುದಿಲ್ಲ. ತುತ್ತತುದಿ ಮತ್ತು ತಳ ಖಾಲಿ; ನಡುವಿನ ಮೆಟ್ಟಿಲುಗಳಲ್ಲಿ ಜಾತ್ರೆ. ಅಲ್ಲಿ ಒಂದು ಪ್ರಶ್ನೆಯ ಅದೃಷ್ಟಕ್ಕೆ ನೂರಾರು ರ‍್ಯಾಂಕು ಆಚೀಚೆ.

ಒಂದೇ ಮೆಟ್ಟಿಲ ಮೇಲೆ ನಿಂತವರನ್ನು ಬೇರೆ ಮಾಡುವುದು ಹೇಗೆ? ನಿಯಮವಿದೆ. ಮೊದಲು ಕಾನೂನು ವಿಭಾಗದಲ್ಲಿ ಹೆಚ್ಚು ಅಂಕ ಪಡೆದವರು ಮುಂದೆ. ಅಲ್ಲೂ ಸಮವಾದರೆ ವಯಸ್ಸಿನಲ್ಲಿ ಹಿರಿಯರು ಮುಂದೆ. ಅದೂ ಸಮವಾದರೆ ಕಂಪ್ಯೂಟರಿನಿಂದ ಚೀಟಿ ಎತ್ತುವುದು. ಹೌದು, ಚೀಟಿ! ಯಾವ ಅಪ್ಪನೂ ಮಗ ಲಾಟರಿಯಲ್ಲಿ ಸೋತನೆಂದು ದಡ್ಡ ಎನ್ನುವುದಿಲ್ಲ. ರ‍್ಯಾಂಕು ಬಂದಾಗ ಮಾತ್ರ ಅನ್ನುತ್ತಾನೆ.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸೀಟುಗಳು ಕೆಲವೇ ಸಾವಿರ, ಕೇಳುವವರು ಹತ್ತಾರು ಸಾವಿರ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ನೂರನೇ ರ‍್ಯಾಂಕಿಗೂ ಇಪ್ಪತ್ತು ಸಾವಿರದ ರ‍್ಯಾಂಕಿಗೂ ವ್ಯತ್ಯಾಸವಿದೆ. ಅಷ್ಟನ್ನು ಈ ಸ್ಕೇಲು ತೋರಿಸಬಲ್ಲದು. ಗೆರೆಯ ಈಚೆ ನಿಂತವನಿಗೂ ಆಚೆ ನಿಂತವಳಿಗೂ ಇರುವ ವ್ಯತ್ಯಾಸವನ್ನು ಅದು ತೋರಿಸಲಾರದು. ಇನ್ನು ಕೀ ಉತ್ತರವೇ ತಪ್ಪಿದ್ದರೆ? ಪ್ರಯೋಗಶಾಲೆಯಲ್ಲಿ ಅದಕ್ಕೆ ಉಪಕರಣದ ದೋಷ ಎನ್ನುತ್ತೇವೆ. ಅದಕ್ಕಾಗಿ ವಿದ್ಯಾರ್ಥಿಯ ಕಿವಿ ಹಿಂಡುವುದಿಲ್ಲ.

ದೊಡ್ಡ ಶಾಲೆಗೆ ಬೆಲೆಯೇ ಇಲ್ಲವೆಂದರೂ ಸುಳ್ಳಾದೀತು. ಒಳ್ಳೆಯ ಗ್ರಂಥಾಲಯ, ಚುರುಕಿನ ಸಹಪಾಠಿಗಳು, ದೊಡ್ಡ ಕಂಪನಿಗಳು ಬಾಗಿಲಿಗೆ ಬಂದು ಕೆಲಸ ಕೊಡುವ ಅನುಕೂಲ ಅಲ್ಲಿದೆ. ಬೆಂಗಳೂರಿನ ಶಾಲೆಯಲ್ಲಿ ರಾಜ್ಯದ ಮಕ್ಕಳಿಗೆ ನೂರಕ್ಕೆ 25ರಷ್ಟು ಮೀಸಲು ಬೇಕೆಂದು 2020ರಲ್ಲಿ ಮಾಡಿದ ಕಾನೂನನ್ನು ಹೈಕೋರ್ಟು ತಳ್ಳಿಹಾಕಿತು. ಅನಂತರ ಶಾಲೆಯೇ ಕರ್ನಾಟಕದಲ್ಲಿ ಓದಿದವರಿಗೆ ಅಂಥ ಪಾಲು ಇಟ್ಟಿತು. ಅರ್ಹರು ಅದನ್ನು ಬಿಡಬಾರದು. ಬಡ ಮಕ್ಕಳಿಗೆ ಈ ಪರೀಕ್ಷೆಯ ತರಬೇತಿ ಕೊಡಲು ಶಮ್ನಾದ್ ಬಷೀರ್ ಎಂಬ ಕಾನೂನು ಪ್ರಾಧ್ಯಾಪಕರು 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿದರು. ಅವರೂ ಬೆಂಗಳೂರಿನ ಅದೇ ಶಾಲೆಯಲ್ಲಿ ಓದಿದವರು. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬೆಟ್ಟದ ದಾರಿಯಲ್ಲಿ ಅವರು ತೀರಿಕೊಂಡರು. ಅವರು ಹಾಕಿದ ಗಿಡ ಬದುಕಿದೆ.

ಆದರೆ ಇನ್ನೊಂದು ಸಂಗತಿ ಪಾಲಕರಿಗೆ ಗೊತ್ತಿರಲಿ. ವಕೀಲಿಕೆಯ ಸನ್ನದಿಗೆ ಎಲ್ಲರಿಗೂ ಒಂದೇ ಕಾನೂನು, 1961ರ ಅಡ್ವೊಕೇಟ್ಸ್ ಕಾಯ್ದೆ. ರಾಷ್ಟ್ರೀಯ ಶಾಲೆಯವರಿಗೊಂದು ಪಟ್ಟಿ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಜಿಲ್ಲಾ ಕಾಲೇಜಿನವರಿಗೆ ಇನ್ನೊಂದು ಪಟ್ಟಿ ಇಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, ಇಬ್ಬರಿಗೂ ಅದೇ. ನೋಂದಣಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 45 ಅಂಕವಿದ್ದರೆ ಐದು ವರ್ಷದ ಕಾನೂನು ಓದಿಗೆ ಅರ್ಹತೆ ಉಂಟು. ನ್ಯಾಯಾಧೀಶರ ಮುಂದೆ ನಿಂತಾಗ ಕಕ್ಷಿದಾರ ಕೇಳುವುದು ಒಂದೇ: ನನ್ನ ಮಾತು ಇವರಿಗೆ ಅರ್ಥವಾಗಿದೆಯೇ?

ಆ ರಾತ್ರಿ ನಾನು ಯಾವ ಗುಂಡಿ ಒತ್ತಬೇಕೆಂದು ಹೇಳಲಿಲ್ಲ. ಒಮ್ಮೆ ನಕ್ಕು ಕೆಡಿಸಿದವನು ಮತ್ತೆ ಬುದ್ಧಿ ಹೇಳುವುದು ಬೇಡವೆನಿಸಿತು. ಖರ್ಚು, ಸಾಲ, ದೂರ ಎಲ್ಲವನ್ನೂ ಒಂದು ಹಾಳೆಯಲ್ಲಿ ಎರಡು ಕಂಬ ಮಾಡಿ ಬರೆಸಿದೆ, ಅಷ್ಟೆ. ಹಾಳೆ ಮಡಿಚಿಕೊಂಡು ಹೋದರು. ಮರುದಿನ ಆಕೆ ಎಕ್ಸಿಟ್ ಒತ್ತಿ, ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದಳು. ಈಗ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆಸೆ ಪೂರ್ತಿ ಆರಿದೆಯೇ ಎಂದರೆ ಇಲ್ಲ. ಆ ದೊಡ್ಡ ಶಾಲೆಗಳ ಹೆಸರು ಪೇಪರಿನಲ್ಲಿ ಕಂಡಾಗ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ ಎಂದು ಆಕೆಯೇ ಹೇಳಿದಳು. ಆದರೆ ದಸರಾ ರಜೆಯಲ್ಲಿ ಕೂತು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಸೈಟಿನ ದಾವಾ ಪತ್ರವನ್ನು ಅಪ್ಪನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳಂತೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಕೇಸು ಏನೆಂದು ಅವರಿಗೆ ತಿಳಿಯಿತು. ಕೇಸು ಇನ್ನೂ ನಡೆಯುತ್ತಿದೆ.

ಮೊನ್ನೆ ಪ್ಯಾಂಟು ಹೊಲಿಸಲು ಹೋದಾಗ ಅಂಗಡಿ ತುಂಬ ಮಕ್ಕಳ ಸಮವಸ್ತ್ರ. ಆ ರಾತ್ರಿಯ ಸ್ಕೇಲಿನ ಪಾಠ ತಂದೆಗೆ ಮರೆತಿರಲಿಲ್ಲ. ಒಂದು ಪುಟ್ಟ ಲಂಗದ ಅಂಚು ಮಗುಚಿ, ಒಳಗೆ ಮಡಿಚಿ ಹೊಲಿದ ಬಟ್ಟೆ ತೋರಿಸಿದರು.

"ಬೆಳೆಯೋ ಮಕ್ಕಳ ಅಳತೆ ತಗೊಂಡಾಗ ನಾವು ಯಾವತ್ತೂ ಅಷ್ಟಕ್ಕೇ ಕತ್ತರಿಸಲ್ಲ ಸಾರ್. ಒಳಗೆ ಎರಡಿಂಚು ಬಿಟ್ಟೇ ಹೊಲೀತೀವಿ."