ನಾಷ್ಟಾ ಆಮ್ಯಾಲ, ಮೊದಲ ಸಮುದ್ರದ ಸುದ್ದಿ ಕೇಳ್ರಿ

ಗೋಕರ್ಣ, ಮುರ್ಡೇಶ್ವರದ ಕಡೆ ರಿಸಾರ್ಟ್ ಬುಕ್ ಮಾಡೂ ಮುಂದ ನಾವು ಫೋನಿನ್ಯಾಗ ಏನ್ ಕೇಳ್ತೀವಿ ಹೇಳ್ರಿ? ಎಸಿ ಐತೇನು, ಮುಂಜಾನಿ ನಾಷ್ಟಾ ಫ್ರೀ ಏನು, ಹುಡುಗ್ರಿಗೆ ಸ್ವಿಮ್ಮಿಂಗ್ ಪೂಲ್ ಐತೇನು. ನಾನೂ ಇಷ್ಟ ಕೇಳಿದ್ದೆ. ಹೋಗಿ ನೋಡಿದ್ರ ರೂಮು ಚಂದ, ಊಟ ಚಂದ, ಆದ್ರ ಸಮುದ್ರದ ದಂಡಿಮ್ಯಾಲ ಕಾಯೋರು ಒಬ್ರೂ ಇಲ್ಲ. ಹುಡುಗ್ರು ನೀರಾಗ, ನಾವು ಹೆಣ್ಮಕ್ಕಳು ಚಪ್ಪಲಿ, ಮೊಬೈಲು, ಒಣಾ ಅರಬಿ ಕಾಯ್ಕೋತ ಉಸುಕಿನ್ಯಾಗ. ನಮ್ಮೊಳಗ ಒಬ್ಬಾಕಿಗೂ ಈಜು ಬರೂದಿಲ್ಲ.

2024ರ ಡಿಸೆಂಬರ್‌ನ್ಯಾಗ ಮುರ್ಡೇಶ್ವರಕ್ಕ ಶಾಲಿ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ನಾಲ್ಕು ಹುಡುಗ್ಯಾರು ಸಮುದ್ರದಾಗ ಮುಳುಗಿ ತೀರಿಕೊಂಡ್ರು. ಅದೇನ್ ಮಳಿಗಾಲ ಅಲ್ಲ.

ಉಣಕಲ್ ಕೆರಿ ನೋಡಿದ ಕಣ್ಣಿಗೆ ಸಮುದ್ರ ತಿಳಿಯೂದಿಲ್ಲ. ಆಜುಬಾಜು ತೆರಿ ಒಡಿಯೂ ಮುಂದ ನಡುವ ಶಾಂತ ಕಾಣೂ ಜಾಗಾನ ಭಾಳ ಸಲ ಒಳಗ ಎಳಕೊಂಡು ಹೋಗೂ ಜಾಗಾ ಇರ್ತದ.

ಅದಕ್ಕ ನನ್ನ ಮಾತಿಷ್ಟ: ರೊಕ್ಕಾ ಕೊಡೂ ಮೊದಲ, "ಲೈಫ್‌ಗಾರ್ಡ್ ಅದಾರೇನು, ಎಷ್ಟು ಗಂಟೆ ತನಕ ಇರ್ತಾರ, ಎಲ್ಲಿ ಇಳಿಬಾರದು" ಅಂತ ಕೇಳ್ರಿ. ಅವ್ರು ತಡವರಿಸಿದ್ರ ಬ್ಯಾರೆ ರಿಸಾರ್ಟ್ ನೋಡ್ರಿ. ನಾಷ್ಟಾದ ಚಿಂತಿ ಬ್ಯಾಡ. ನಮ್ಮ ಚೀಲದಾಗ ರೊಟ್ಟಿ, ಶೇಂಗಾ ಚಟ್ನಿ ಇದ್ದ ಇರ್ತಾವಲ್ಲ!